‘ಶೇ 2ರ ವಿಜ್ಞಾನಿ’ ಪಟ್ಟಿ: ಅಂಕಿ ಯಾರದು, ಉಪಯೋಗ ಯಾರಿಗೆ?

ಲೋಕಿಕೆರೆ: ವರ್ಷಕ್ಕೊಮ್ಮೆ, ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ, ‘ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮವರು’ ಅನ್ನೋ ಸುದ್ದಿ ಬರುತ್ತೆ. ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಫೋಟೊ ಓಡಾಡುತ್ತೆ, ಶಾಲು-ಹಾರದ ಸನ್ಮಾನ ನಡೆಯುತ್ತೆ. ಹೆಮ್ಮೆ ಪಡೋಣ, ತಪ್ಪಿಲ್ಲ. ಆದರೆ ಜ್ವರ ಬಂದ ಮಗುವನ್ನು ಎತ್ತಿಕೊಂಡು ದಾವಣಗೆರೆ ಬಸ್ ಹತ್ತುವವರಿಗೆ ಈ ಪಟ್ಟಿಯಿಂದ ಏನು ತಿಳಿಯುತ್ತೆ?

ಮೊದಲನೆಯದಾಗಿ, ಇದು ಪ್ರಶಸ್ತಿಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಜೊತೆಗಾರರು 2019ರಲ್ಲಿ ಶುರು ಮಾಡಿದ ಲೆಕ್ಕ. ಒಬ್ಬರು ಬರೆದ ಪ್ರಬಂಧವನ್ನು ಬೇರೆ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಅನ್ನೋದೇ ಇದರ ಬುನಾದಿ. ಅದಕ್ಕೆ ಸೈಟೇಶನ್ ಅಂತಾರೆ. ಪಟ್ಟಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಇಡೀ ವೃತ್ತಿಜೀವನದ ಪಟ್ಟಿ ಬೇರೆ, ಒಂದೇ ವರ್ಷದ ಪಟ್ಟಿ ಬೇರೆ. ಸನ್ಮಾನದ ಬ್ಯಾನರ್‌ನಲ್ಲಿ ಯಾವುದು ಅಂತ ಬರೆದಿರೋದು ಅಪರೂಪ.

ಇನ್ನೊಂದು ಅಂಕಿ ಎಚ್-ಇಂಡೆಕ್ಸ್. ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಹೇಳಿದ್ದು. ಎಚ್-ಇಂಡೆಕ್ಸ್ 20 ಅಂದ್ರೆ, ಆ ವ್ಯಕ್ತಿಯ 20 ಪ್ರಬಂಧಗಳು ತಲಾ ಕನಿಷ್ಠ 20 ಸಲ ಹೆಸರಿಸಲ್ಪಟ್ಟಿವೆ ಅಂತ. ಅಷ್ಟೇ. ಒಳ್ಳೇದು ಅಂತ ಹೆಸರಿಸಿದ್ರೋ, ತಪ್ಪು ಅಂತ ತೋರಿಸೋಕೆ ಹೆಸರಿಸಿದ್ರೋ, ಅಂಕಿಗೆ ಗೊತ್ತಾಗಲ್ಲ.

ಅಂಗಡಿಯವರಿಗೆ ಇದು ಬೇಗ ಅರ್ಥವಾಗುತ್ತೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಹಚ್ಚುವ ಬಣ್ಣ ಎಷ್ಟು ಒಳ್ಳೇದಿದ್ರೂ ಸಕ್ಕರೆಯಷ್ಟು ಖರ್ಚಾಗಲ್ಲ. ಹಾಗಂತ ಬಣ್ಣ ಕಳಪೆ ಅನ್ನೋಕಾಗುತ್ತಾ?

ಪಕ್ಕದ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ವೈರಸ್ ಇದು. ಉಣ್ಣೆ ಕಚ್ಚಿ ಹರಡುತ್ತೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಬಗ್ಗೆ ಬರೆಯೋರು ಜಗತ್ತಿನ ತುಂಬಾ ಇದ್ದಾರೆ. ಮಂಗನ ಕಾಯಿಲೆ ಬಗ್ಗೆ ಬರೆಯೋರು ಕೈಬೆರಳಲ್ಲಿ ಎಣಿಸುವಷ್ಟಲ್ಲದಿದ್ರೂ ಕಮ್ಮಿಯೇ. ಬರೆಯೋರೇ ಕಮ್ಮಿ ಅಂದಮೇಲೆ ಹೆಸರಿಸೋರೂ ಕಮ್ಮಿ. ಸ್ಟ್ಯಾನ್‌ಫರ್ಡ್ ಪಟ್ಟಿ ವಿಷಯವಾರು ವಿಂಗಡಿಸುತ್ತೆ ನಿಜ. ಆದರೆ ಒಂದೇ ವಿಷಯದೊಳಗೂ ದೇಶ-ದೇಶ ಹರಡಿದ ಡೆಂಗಿಗೂ ನಮ್ಮ ಮಲೆನಾಡಿನ ಕಾಯಿಲೆಗೂ ಒಂದೇ ತಕ್ಕಡಿ.

2013ರಲ್ಲಿ ಪಿಎಲ್‌ಒಎಸ್ ಎಂಬ ಸಂಸ್ಥೆಯ ಉಷ್ಣವಲಯ ಕಾಯಿಲೆಗಳ ಪತ್ರಿಕೆಯಲ್ಲಿ ಡಾ. ಜಿ.ಎಸ್. ಕಸಬಿ ಮತ್ತು ಸಂಗಡಿಗರ ಪ್ರಬಂಧ ಬಂತು. ವರ್ಷಗಟ್ಟಲೆಯಿಂದ ಕೊಡ್ತಾ ಇದ್ದ ಮಂಗನ ಕಾಯಿಲೆ ಲಸಿಕೆ ನಿಜಕ್ಕೂ ಕೆಲಸ ಮಾಡ್ತಿದೆಯಾ ಅಂತ 2005ರಿಂದ 2010ರವರೆಗಿನ ಲೆಕ್ಕ ತೆಗೆದು ನೋಡಿದ್ರು. ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇ 62.4. ಮೇಲೆ ಬೂಸ್ಟರ್ ಕೂಡ ಪಡೆದವರಲ್ಲಿ ಶೇ 82.9. ಅಂದ್ರೆ ಎರಡು ಡೋಸ್ ಹಾಕಿಸಿಕೊಂಡು ‘ಆಯ್ತು ಬಿಡು’ ಅಂತ ಕಾಡಿಗೆ ಹೋದವರು ನೆಮ್ಮದಿಯಾಗಿರೋ ಹಾಗಿರಲಿಲ್ಲ. 2022ರಲ್ಲಿ ಆ ಹಳೇ ಲಸಿಕೆ ಕೊಡೋದು ನಿಂತೇಹೋಯಿತು. ಆ ಒಂದೇ ಪ್ರಬಂಧದಿಂದ ನಿಂತಿತು ಅನ್ನೋದು ಸರಿಯಲ್ಲ. ಆದರೆ ಲಸಿಕೆ ಸಾಲದು ಅನ್ನೋ ಮಾತಿಗೆ ಅಂಕಿ-ಅಂಶದ ಬಲ ಕೊಟ್ಟ ಕೆಲಸಗಳಲ್ಲಿ ಅದೂ ಒಂದು. ಮಲೆನಾಡಿನ ಮನೆಗೆ ಇದರ ಬೆಲೆ ಎಷ್ಟು ಅಂತ ಯಾವ ಇಂಡೆಕ್ಸೂ ಅಳೆಯಲ್ಲ.

ಅಂಕಿ ಹಿಂದೆ ಬಿದ್ದರೆ ಇನ್ನೊಂದು ತೊಂದರೆ ಇದೆ. ವೈದ್ಯಕೀಯ ಕಾಲೇಜುಗಳಲ್ಲಿ ಬಡ್ತಿಗೆ ಪ್ರಬಂಧ ಬೇಕು ಅನ್ನೋ ನಿಯಮವಿದೆ. ಬೆಳಿಗ್ಗೆಯಿಂದ ಒಪಿಡಿ ಸಾಲು ನೋಡುವ ಡಾಕ್ಟರೂ ಬರೆಯಲೇಬೇಕು. ಒತ್ತಡ ಇದ್ದ ಕಡೆ ದಲ್ಲಾಳಿ ಇರ್ತಾನೆ, ಮಂಡಿಯಲ್ಲಿ ನೋಡಿಲ್ವಾ? ದುಡ್ಡು ಕೊಟ್ಟರೆ ಸರಿಯಾಗಿ ಓದದೇ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಹೈದರಾಬಾದ್ ಮೂಲದ ಒಮಿಕ್ಸ್ ಎಂಬ ಪ್ರಕಾಶನ ಸಂಸ್ಥೆ ಸಂಶೋಧಕರನ್ನು ವಂಚಿಸಿದೆ ಅಂತ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಆದೇಶಿಸಿತು. ತಮ್ಮ ಪ್ರಬಂಧವನ್ನು ತಾವೇ ಮತ್ತೆ ಮತ್ತೆ ಹೆಸರಿಸಿ ಅಂಕಿ ಏರಿಸೋದೂ ಉಂಟು. ಅದಕ್ಕೇ ಸ್ಟ್ಯಾನ್‌ಫರ್ಡ್ ಪಟ್ಟಿಯಲ್ಲಿ ಸ್ವಂತ ಉಲ್ಲೇಖ ಕಳೆದ ಲೆಕ್ಕವನ್ನೂ ಪಕ್ಕದಲ್ಲೇ ಕೊಡ್ತಾರೆ. ಹಿಂತೆಗೆದುಕೊಂಡ ಪ್ರಬಂಧಗಳ ಮಾಹಿತಿಯನ್ನೂ 2024ರಿಂದ ಸೇರಿಸಿದ್ದಾರೆ. ಇಷ್ಟನ್ನು ನೋಡಿಯೇ ಹಾರ ತರಿಸಬಹುದು.

ನೋಡೋಕೆ ಖರ್ಚೂ ಇಲ್ಲ. ಮೊಬೈಲ್‌ನಲ್ಲಿ ಪಬ್‌ಮೆಡ್ ತೆರೆದು ಹೆಸರು ಹಾಕಿದರೆ ವೈದ್ಯಕೀಯ ಪ್ರಬಂಧಗಳು ಬರ್ತವೆ. ಅದೇ ಹೆಸರಿನ ಬೇರೆಯವರೂ ಬರ್ತಾರೆ, ಕಾಲೇಜು-ಊರು ನೋಡಿಕೊಳ್ಳಬೇಕು. ಇಂಗ್ಲಿಷ್ ಕಷ್ಟ ಅನ್ನೋರು ಡಿಗ್ರಿ ಓದೋ ಮಕ್ಕಳ ಕೈಲಿ ಓದಿಸಬಹುದು. ಒಳ್ಳೇ ಪ್ರಬಂಧ ಬರೆದವರ ಕೈಗುಣವೂ ಚೆನ್ನಾಗಿರಬೇಕು ಅಂತೇನಿಲ್ಲ, ಒಂದೂ ಬರೆಯದ ಡಾಕ್ಟರು ಕಾಯಿಲೆ ಹಿಡಿಯೋದರಲ್ಲಿ ಪಳಗಿರಬಹುದು.

ಮಂಗನ ಕಾಯಿಲೆಗೆ ಹೊಸ ಲಸಿಕೆ ತರಲು ಐಸಿಎಂಆರ್ ಕೈಹಾಕಿದೆ. ಅದು ಜನರಿಗೆ ಸಿಗೋವರೆಗೆ, ಡಿಸೆಂಬರ್‌ನಿಂದ ಬೇಸಿಗೆವರೆಗೆ ಕೂಲಿಗೋ ನೆಂಟರ ಮನೆಗೋ ಮಲೆನಾಡಿನ ಕಾಡಂಚಿಗೆ ಹೋಗೋರು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಹೋಗಬೇಕು. ವಾಪಸ್ ಬಂದಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ರಿ ಅನ್ನೋದನ್ನ ಡಾಕ್ಟರಿಗೆ ಮೊದಲೇ ಹೇಳಬೇಕು.