ಐದು ಮಿಲಿಮೀಟರ್ ಜಾಗದಲ್ಲಿ ಇಪ್ಪತ್ನಾಲ್ಕು ಗೆರೆ

ಹೋದ ಸೆಮ್‌ನಲ್ಲಿ ನಮ್ಮ ಹಾಸ್ಟೆಲ್ ಫುಟ್‌ಬಾಲ್ ಟೀಮಿಗೆ ಜೆರ್ಸಿ ಮಾಡಿಸೋಕೆ ಹೊರಟೆವು. ಇದ್ದವರು ಹದಿನಾಲ್ಕು ಜನ, ಬಂದ ಐಡಿಯಾ ಇಪ್ಪತ್ತು. ಚನ್ನರಾಯಪಟ್ಟಣದವನು ಎದೆ ಮೇಲೆ ಹೊಯ್ಸಳರ ಸಳ ಸಿಂಹವನ್ನು ಇರಿಯೋ ಲಾಂಛನ ಇರಲಿ ಅಂದ. ಹೊಳೆನರಸೀಪುರದವನು ತೋಳಿಗೆ ಹಳದಿ-ಕೆಂಪು ಪಟ್ಟಿ ಬೇಕೇ ಬೇಕು ಅಂದ. ಇನ್ನೊಬ್ಬ ಅಪ್ಪು ಫೋಟೋ ಅಂದ. ಕೊನೆಗೆ ಯಾರೋ "ಎಡಗಡೆ ಎದೆ ಮೇಲೆ ತಿರಂಗ ಹಾಕಿ ಗುರು, ಇಂಡಿಯಾ ಟೀಮ್ ಥರ ಕಾಣುತ್ತೆ" ಅಂದ. ಎಲ್ಲರೂ ಥಮ್ಸ್ ಅಪ್ ಒತ್ತಿದರು.

ಒಬ್ಬ ಒತ್ತಲಿಲ್ಲ. ಅರಕಲಗೂಡು ಕಡೆಯವನು, ನಮ್ಮ ಡಿಫೆಂಡರ್. ಗ್ರೂಪಲ್ಲಿ ಬರೆದ: "ಬಾವುಟ ಬೇಡ ಕಣ್ರೋ. ಇದೇ ಜೆರ್ಸಿಲಿ ಮೂಗು ಒರೆಸ್ಕೋತೀವಿ, ಕೆಸರಲ್ಲಿ ಬೀಳ್ತೀವಿ, ರೂಮಿಗೆ ಬಂದು ಮೂಲೆಗೆ ಎಸೀತೀವಿ. ಸರಿ ಇರಲ್ಲ."

ಎರಡು ನಿಮಿಷಕ್ಕೆ ಉತ್ತರ ಬಂತು: "ಬಾವುಟ ಕಂಡ್ರೆ ಉರಿಯುತ್ತಾ ನಿಂಗೆ?" ಅದರ ಕೆಳಗೆ ಇನ್ನೊಬ್ಬ, "ಇವನಿಗೆ ಪಾಕಿಸ್ತಾನದ ಜೆರ್ಸಿ ಆರ್ಡರ್ ಮಾಡ್ರಪ್ಪಾ." ಅದಕ್ಕೆ ನಗುವ ಇಮೋಜಿಗಳು ಸಾಲಾಗಿ ಬಿದ್ದವು. ಅದರಲ್ಲಿ ನನ್ನದೂ ಒಂದು. ಅವತ್ತು ರಾತ್ರಿ ಅವನು ಗ್ರೂಪ್ ಬಿಟ್ಟ. ಮಾರನೇ ದಿನದಿಂದ ಪ್ರಾಕ್ಟೀಸಿಗೂ ಬರಲಿಲ್ಲ. ಅವನ ದೊಡ್ಡಪ್ಪ ಸೇನೆಯಲ್ಲಿದ್ದು ನಿವೃತ್ತರಾದವರು, ಬಾವುಟ ಮಡಚೋದು ಹೇಗೆ ಅಂತ ಅವನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ ಅನ್ನೋದು ನಮಗೆ ಆಮೇಲೆ ಗೊತ್ತಾಯ್ತು.

ಇದು ಹಾಸ್ಟೆಲ್ ಮಟ್ಟದ ಜಗಳ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದೇ ಜಗಳವನ್ನು ದೊಡ್ಡ ದೊಡ್ಡ ದೇಶಗಳೂ ಆಡಿವೆ. ಅವರು ಎಲ್ಲಿ ಎಡವಿದರು ಅಂತ ನೋಡಿದರೆ ನಾವು ಎಡವಿದ ಜಾಗವೂ ಗೊತ್ತಾಗುತ್ತೆ.

2024ರ ಮಾರ್ಚ್. ಜರ್ಮನಿಯಲ್ಲಿ ನಡೆಯಲಿದ್ದ ಯೂರೋ ಕಪ್‌ಗೆ ಇಂಗ್ಲೆಂಡ್ ತಂಡದ ಜೆರ್ಸಿಯನ್ನು ನೈಕಿ ಕಂಪನಿ ಬಿಡುಗಡೆ ಮಾಡಿತು. ಇಂಗ್ಲೆಂಡಿನ ಬಾವುಟ ಬಿಳಿ ಮೇಲೆ ಕೆಂಪು ಶಿಲುಬೆ, ಸೇಂಟ್ ಜಾರ್ಜ್ ಶಿಲುಬೆ ಅಂತಾರೆ. ನೈಕಿ ಅದನ್ನು ಕಾಲರ್ ಹಿಂದೆ ನೀಲಿ, ನೇರಳೆ ಬಣ್ಣ ಬೆರೆಸಿ ಹಾಕಿತ್ತು. 1966ರಲ್ಲಿ ವಿಶ್ವಕಪ್ ಗೆದ್ದ ತಂಡದ ಟ್ರೈನಿಂಗ್ ಬಟ್ಟೆಯ ಬಣ್ಣ ಇದಕ್ಕೆ ಪ್ರೇರಣೆ ಅಂತ ಕಂಪನಿ ಹೇಳಿತು. ದೇಶ ಎದ್ದು ಕೂತಿತು. ಪ್ರಧಾನಿ ರಿಷಿ ಸುನಕ್, ರಾಷ್ಟ್ರಧ್ವಜದ ತಂಟೆಗೆ ಹೋಗಬಾರದು ಅಂದರು. ವಿರೋಧ ಪಕ್ಷದ ನಾಯಕ ಕೀರ್ ಸ್ಟಾರ್ಮರ್ ಕೂಡ ಬದಲಾಯಿಸಿ ಅಂದರು. ಫುಟ್‌ಬಾಲ್ ಸಂಸ್ಥೆ ಜಗ್ಗಲಿಲ್ಲ. ಜೆರ್ಸಿ ಹಾಗೇ ಉಳಿಯಿತು. ಅದನ್ನೇ ಹಾಕ್ಕೊಂಡು ತಂಡ ಫೈನಲ್‌ವರೆಗೂ ಹೋಗಿ ಸ್ಪೇನ್ ಎದುರು 2-1ರಲ್ಲಿ ಸೋತಿತು. ಆ ಹೊತ್ತಿಗೆ ಕಾಲರ್ ವಿಷಯ ಯಾರಿಗೂ ಬೇಕಿರಲಿಲ್ಲ.

ಈ ಗಲಾಟೆಯಲ್ಲಿ ನನಗೆ ಎರಡು ವಿಷಯ ಮುಖ್ಯ ಅನ್ನಿಸಿತು. ಒಂದು, 1966ರ ಫೈನಲ್ ದಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಅಭಿಮಾನಿಗಳು ಬೀಸಿದ್ದು ಹೆಚ್ಚಾಗಿ ಬ್ರಿಟನ್ನಿನ ಯೂನಿಯನ್ ಜಾಕ್. ಸೇಂಟ್ ಜಾರ್ಜ್ ಶಿಲುಬೆ ಸ್ಟೇಡಿಯಂಗಳಲ್ಲಿ ಎದ್ದು ಕಂಡಿದ್ದು 1996ರ ಯೂರೋ ಕಪ್ ಹೊತ್ತಿಗೆ. ಅಂದರೆ "ಅನಾದಿ ಕಾಲದಿಂದ ನಮ್ಮದು" ಅನ್ನೋ ಭಾವನೆಗೆ ಕೆಲವೊಮ್ಮೆ ನಮ್ಮ ಅಣ್ಣಂದಿರ ವಯಸ್ಸು ಕೂಡ ಆಗಿರಲ್ಲ. ಎರಡು, ಆ ಜೆರ್ಸಿಯ ಒರಿಜಿನಲ್ ಆವೃತ್ತಿಯ ಬೆಲೆ ಸುಮಾರು 125 ಪೌಂಡ್, ನಮ್ಮ ದುಡ್ಡಲ್ಲಿ ಹನ್ನೆರಡು ಸಾವಿರಕ್ಕೂ ಮೇಲೆ. ಬಾವುಟದ ಬಣ್ಣದ ಬಗ್ಗೆ ಎದ್ದ ಸದ್ದಿನ ಮುಂದೆ, ಒಬ್ಬ ಕೂಲಿಯವನ ಮಗ ಆ ಬಾವುಟವನ್ನು ಕೊಳ್ಳೋಕೆ ಆಗುತ್ತಾ ಅನ್ನೋ ಪ್ರಶ್ನೆ ಸಣ್ಣದಾಗಿ ಕೇಳಿಸಿತು.

ಹಾಗಂತ ಜೆರ್ಸಿ ಜಗಳವೆಲ್ಲ ಸುಮ್ಮನೆ ಸದ್ದು ಅಂತಲೂ ಹೇಳೋಕಾಗಲ್ಲ. ಅದಾಗಿ ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಇನ್ನೊಂದು ತಕರಾರು ಎದ್ದಿತು. ಹೊಸ ಜೆರ್ಸಿಯಲ್ಲಿ 4 ಅನ್ನೋ ಅಂಕಿ ಬರೆದ ರೀತಿ ಹೇಗಿತ್ತಂದರೆ, 44 ಅಂತ ಹಾಕಿಸಿದರೆ ನಾಜಿಗಳ ಎಸ್‌ಎಸ್ ಪಡೆಯ ಚಿಹ್ನೆಯನ್ನೇ ಹೋಲುತ್ತಿತ್ತು. ಅಡಿಡಾಸ್ 44 ಅಂಕಿಯ ಜೆರ್ಸಿ ಮಾರೋದನ್ನು ನಿಲ್ಲಿಸಿತು. ಅಲ್ಲಿ ಯಾರೂ ಬೇಕಂತ ಮಾಡಿದ್ದಲ್ಲ, ಆದರೂ ನಿಲ್ಲಿಸಿದ್ದು ಸರಿ. 2021ರಲ್ಲಿ ಉಕ್ರೇನ್ ತನ್ನ ಜೆರ್ಸಿ ಮೇಲೆ ಕ್ರೈಮಿಯಾವನ್ನೂ ಸೇರಿಸಿದ ದೇಶದ ನಕ್ಷೆ ಹಾಕಿತು. ರಷ್ಯಾ ದೂರು ಕೊಟ್ಟಿತು. ಯೂರೋಪಿನ ಫುಟ್‌ಬಾಲ್ ಸಂಸ್ಥೆ ನಕ್ಷೆ ಇರಲಿ ಅಂತ ಹೇಳಿ, ಕಾಲರ್ ಒಳಗಿನ ಒಂದು ಘೋಷಣೆ ರಾಜಕೀಯದ್ದು ಅಂತ ತೆಗೆಸೋಕೆ ಹೇಳಿತು. ಮುಂದಿನ ವರ್ಷ ಯುದ್ಧವೇ ಶುರುವಾಯ್ತು. ಬಟ್ಟೆ ಮೇಲಿನ ಒಂದು ಗೆರೆ ಬರೀ ಗೆರೆ ಅಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನಮ್ಮ ಮನೆಗೆ ಬರೋಣ. 2019ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಎದುರು ಭಾರತ ಕಿತ್ತಳೆ ಜೆರ್ಸಿ ಹಾಕಿದ್ದು ನೆನಪಿರಬೇಕು. ಎರಡೂ ತಂಡದ್ದು ನೀಲಿ ಆದ್ದರಿಂದ ಒಂದು ತಂಡ ಬಣ್ಣ ಬದಲಿಸಬೇಕಿತ್ತು, ಅಷ್ಟೇ. ನಮ್ಮ ರಾಜಕಾರಣಿಗಳು ಅದಕ್ಕೂ ಕೇಸರೀಕರಣ ಅಂತ ಒಬ್ಬರು, ಕೇಸರಿ ಅಂದರೆ ಯಾಕೆ ಭಯ ಅಂತ ಇನ್ನೊಬ್ಬರು ವಾರ ಕಳೆದರು. 2021ರ ಜೂನ್‌ನಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ಕನ್ನಡ ಬಾವುಟದ ಬಣ್ಣ ಮತ್ತು ರಾಜ್ಯ ಲಾಂಛನ ಇದ್ದ ಬಿಕಿನಿ ಮಾರಾಟಕ್ಕೆ ಬಂದಾಗ ನಮ್ಮಲ್ಲಿ ಎಷ್ಟು ಜನಕ್ಕೆ ರಕ್ತ ಕುದಿಯಿತು! ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮ ಅಂದರು, ಅದು ಅಲ್ಲಿಂದ ಮಾಯವಾಯಿತು. ಕುದಿದದ್ದು ತಪ್ಪಲ್ಲ. ಆದರೆ ಅದೇ ಬಾವುಟಕ್ಕೆ ಇವತ್ತಿಗೂ ಕಾನೂನಿನ ಮಾನ್ಯತೆ ಇಲ್ಲ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮ. ರಾಮಮೂರ್ತಿಯವರು ರೂಪಿಸಿದ ಹಳದಿ-ಕೆಂಪು ಬಾವುಟ 1960ರ ದಶಕದಿಂದ ಜನರ ಕೈಯಲ್ಲಿದೆ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ಗಂಡಭೇರುಂಡ ಇರುವ ಬಾವುಟವನ್ನು ಒಪ್ಪಿ ಕೇಂದ್ರಕ್ಕೆ ಕಳಿಸಿತು. ಅದಕ್ಕೆ ಒಪ್ಪಿಗೆ ಬರಲೇ ಇಲ್ಲ. ಆದರೂ ನವೆಂಬರ್ ಬಂದರೆ ಹಾಸನದ ಆಟೋ ಸ್ಟ್ಯಾಂಡುಗಳಲ್ಲಿ ಹಾರೋದು ರಾಮಮೂರ್ತಿಯವರ ಬಾವುಟವೇ. ಗೌರವ ಅನ್ನೋದು ಗೆಜೆಟ್‌ನಿಂದ ಬರಲ್ಲ, ದಿನಾ ಬಳಸುವವರಿಂದ ಬರುತ್ತೆ.

ರಾಷ್ಟ್ರಧ್ವಜದ ವಿಷಯ ಬೇರೆ. ಅದಕ್ಕೆ ಕಾನೂನಿದೆ, ಮತ್ತು ಅದನ್ನು ನಾವು ಯಾರೂ ಓದಿರಲಿಲ್ಲ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆಯ ಪ್ರಕಾರ ಧ್ವಜಕ್ಕೆ ಅಗೌರವ ತೋರಿದರೆ 3 ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಮೊದಲು ಧ್ವಜವನ್ನು ಯಾವುದೇ ಉಡುಪಿನ ಭಾಗ ಮಾಡೋದೇ ಅಗೌರವ ಅಂತಿತ್ತು. 2005ರ ತಿದ್ದುಪಡಿ ಸ್ವಲ್ಪ ಸಡಿಲಿಸಿತು: ಸೊಂಟದ ಕೆಳಗೆ ಧರಿಸುವಂತಿಲ್ಲ, ಕರವಸ್ತ್ರ, ದಿಂಬು, ಒಳಉಡುಪು, ಉಡುಪಿನ ಬಟ್ಟೆ ಇಂಥವುಗಳ ಮೇಲೆ ಕಸೂತಿ ಹಾಕುವಂತಿಲ್ಲ, ಪ್ರಿಂಟ್ ಮಾಡುವಂತಿಲ್ಲ, ಧ್ವಜದ ಮೇಲೆ ಏನನ್ನೂ ಬರೆಯುವಂತಿಲ್ಲ. ನಮ್ಮ ಡಿಸೈನಲ್ಲಿ ಏನಿತ್ತು ಗೊತ್ತಾ? ತಿರಂಗದ ಬಿಳಿ ಪಟ್ಟಿಯ ಪಕ್ಕದಲ್ಲೇ, ಅರ್ಧ ಅದರ ಮೇಲೇ, ಸ್ಪಾನ್ಸರ್ ಅಂಗಡಿಯ ಹೆಸರು. ದೇಶಭಕ್ತಿಯ ಪಾಠ ಹೇಳಿದ ಹದಿಮೂರು ಜನಕ್ಕೂ ಅದು ಕಾಣಲಿಲ್ಲ.

ನಾವು ಇಂಜಿನಿಯರಿಂಗ್ ಓದೋರು, ಒಂದು ಸಣ್ಣ ಲೆಕ್ಕ ಮಾಡೋಣ. ಧ್ವಜ ಸಂಹಿತೆ ಹೇಳೋ ಒಂಬತ್ತು ಅಳತೆಗಳಲ್ಲಿ ಅತಿ ಚಿಕ್ಕದು 150 x 100 ಮಿಲಿಮೀಟರ್. ಅದರಲ್ಲಿ ಅಶೋಕ ಚಕ್ರದ ವ್ಯಾಸ 25 ಮಿಲಿಮೀಟರ್. ನಾವು ಎದೆ ಮೇಲೆ ಹಾಕಿಸೋಕೆ ಹೊರಟಿದ್ದು 30 x 20. ಅದೇ ಅನುಪಾತದಲ್ಲಿ ಚಕ್ರ 5 ಮಿಲಿಮೀಟರ್ ಆಗುತ್ತೆ. ಸುತ್ತಳತೆ 15.7. ಅದರಲ್ಲಿ 24 ಗೆರೆ ಕೂರಬೇಕು, ಅಂದರೆ ಅಂಚಿನಲ್ಲಿ ಗೆರೆಯಿಂದ ಗೆರೆಗೆ ಸುಮಾರು 0.65 ಮಿಲಿಮೀಟರ್. ಮಧ್ಯಕ್ಕೆ ಬರ್ತಾ ಅದೂ ಇಲ್ಲ. ಪಾಲಿಯೆಸ್ಟರ್ ಹೆಣಿಗೆ ಬಟ್ಟೆ ಮೇಲೆ ಶಾಖದಲ್ಲಿ ಶಾಯಿ ಇಳಿಸುವಾಗ ಅಷ್ಟು ಸಣ್ಣ ಗೆರೆ ನಿಲ್ಲಲ್ಲ. ಪ್ರಿಂಟಿಂಗ್ ಅಂಗಡಿಯಿಂದ ಬಂದ ಸ್ಯಾಂಪಲ್‌ನಲ್ಲಿ ಚಕ್ರ ಇದ್ದ ಜಾಗದಲ್ಲಿ ಒಂದು ನೀಲಿ ಚುಕ್ಕೆ ಇತ್ತು. ಯಾರೋ "ದೂರದಿಂದ ಗೊತ್ತಾಗಲ್ಲ ಬಿಡು" ಅಂದರು. ಒಬ್ಬನನ್ನು ದೇಶದ್ರೋಹಿ ಮಾಡಿ ಹಾಕಿಸಿದ ಧ್ವಜದಲ್ಲಿ ಚಕ್ರವೇ ಇಲ್ಲ, ಆದರೂ ಪರವಾಗಿಲ್ಲ!

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಬಿಐಎಸ್ ಮಾನ್ಯತೆ ಪಡೆದು ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ. ನೂಲಿನ ದಪ್ಪ, ಬಣ್ಣದ ಗಟ್ಟಿತನ, ಹೊಲಿಗೆ, ಚಕ್ರದ ಗೆರೆ ಎಲ್ಲದಕ್ಕೂ ಅಲ್ಲಿ ಪರೀಕ್ಷೆ ಇದೆ. ಅಳತೆ ತಪ್ಪಿದರೆ ಧ್ವಜ ಹೊರಗೆ ಹೋಗಲ್ಲ. ಅಲ್ಲಿ ದುಡಿಯೋರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಮೆಷಿನ್‌ನಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಾಗ ವಿರೋಧಿಸಿದವರಲ್ಲಿ ಅವರೂ ಇದ್ದರು. ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಆದರೆ ಧ್ವಜದ ಗೌರವ ಅಂದರೆ ಏನು ಅಂತ ಅವರ ಕೈಗೆ ಗೊತ್ತಿರೋಷ್ಟು ನಮ್ಮ ಗ್ರೂಪ್ ಚಾಟ್‌ಗೆ ಗೊತ್ತಿಲ್ಲ.

ಎದುರು ವಾದವನ್ನೂ ಹೇಳಬೇಕು. "ಎದೆ ಮೇಲೆ ಬಾವುಟ ಇದ್ದರೆ ಬರೋ ರೋಮಾಂಚನ ಬೇರೆ. ಅದನ್ನು ಕಾನೂನು, ಮಿಲಿಮೀಟರ್ ಅಂತ ಕೊಲ್ಲಬೇಡ" ಅಂತ ನಮ್ಮ ಕ್ಯಾಪ್ಟನ್ ಹೇಳಿದ. ಅವನ ಮಾತು ಸುಳ್ಳಲ್ಲ. ದೇಶದ ತಂಡದವರು ಹಾಕ್ಕೊಂಡಾಗ ನನಗೂ ಮೈ ಜುಂ ಅನ್ನುತ್ತೆ. ಆದರೆ ಆ ರೋಮಾಂಚನಕ್ಕೆ ಕಾರಣ ಅವರು ಆ ಜಾಗಕ್ಕೆ ಆಡಿ ಬಂದವರು ಅನ್ನೋದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. 2-1ರಲ್ಲಿ ಸೋತರು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಎದುರು 10-1ರಲ್ಲಿ ಸೋತಾಗ ಆ ಒಂದು ಗೋಲೂ ಬೆಂಗಳೂರಿನವರದ್ದೇ, ಅಹ್ಮದ್ ಖಾನ್. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದಿದ್ದು ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2. ಕನ್ನಡ ಬಾವುಟಕ್ಕೆ ಪ್ರೊಫೈಲ್ ಫೋಟೋ ಬದಲಿಸುವ ನಮ್ಮಲ್ಲಿ ಎಷ್ಟು ಜನ ಆ ಮ್ಯಾಚ್ ನೋಡಿದ್ವಿ? ನಾನಂತೂ ನೋಡಿಲ್ಲ.

ಬೆಂಗಳೂರು ಎಫ್‌ಸಿ ಜೆರ್ಸಿ ನೀಲಿ. ಹಳದಿ-ಕೆಂಪು ಇಲ್ಲ ಅಂತ ಅದು ಬೆಂಗಳೂರಿನದಲ್ಲ ಅಂತ ಸ್ಟ್ಯಾಂಡಲ್ಲಿ ನಿಂತು ಕೂಗೋರು ಯಾರೂ ಹೇಳಲ್ಲ. ಆಟ ನಮ್ಮದಾದರೆ ಬಣ್ಣ ತಾನೇ ನಮ್ಮದಾಗುತ್ತೆ.

ನನ್ನ ಅಭಿಪ್ರಾಯ ಇಷ್ಟು. ಕಾಲೇಜು, ಹಾಸ್ಟೆಲ್, ಊರ ಟೂರ್ನಮೆಂಟ್‌ಗಳ ಜೆರ್ಸಿಗೆ ರಾಷ್ಟ್ರಧ್ವಜ ಬೇಡ. ಅದು ದೇಶಕ್ಕೆ ಆಡುವವರಿಗೆ ಇರಲಿ. ನಮಗೆ ನಮ್ಮ ಊರಿನ ಗುರುತು ಸಾಕು. ಸಳ ಇದ್ದಾನೆ, ಹೇಮಾವತಿ ಇದ್ದಾಳೆ. ಯಾವ ಗುರುತೇ ಆಗಲಿ, ಅದರ ಪಕ್ಕ ಸ್ಪಾನ್ಸರ್ ಹೆಸರು, ಚುನಾವಣೆಗೆ ನಿಲ್ಲೋರ ಫೋಟೋ ಬರಬಾರದು. ನಮ್ಮ ತಾಲ್ಲೂಕುಗಳ ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಆಟಗಾರನ ನಂಬರ್‌ಗಿಂತ ದಾನಿಗಳ ಮುಖ ದೊಡ್ಡದಾಗಿ ಇರೋದನ್ನು ನೀವೂ ನೋಡಿರ್ತೀರಿ. ಡಿಸೈನ್ ಪ್ರಿಂಟಿಗೆ ಹೋಗೋ ಮುಂಚೆ ಹಾಕ್ಕೊಳ್ಳೋ ಎಲ್ಲರಿಗೂ ತೋರಿಸಿ. ಬೇಡ ಅಂದವನಿಗೆ "ಯಾಕೆ?" ಅಂತ ಕೇಳಿ, ಅವನ ಉತ್ತರ ಪೂರ್ತಿ ಕೇಳಿ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಬಾವುಟ ಇರೋದು ಎಲ್ಲರನ್ನೂ ಒಂದು ಕಡೆ ಸೇರಿಸೋಕೆ. ಒಬ್ಬನನ್ನು ಹೊರಗೆ ಹಾಕೋಕೆ ಅದನ್ನು ಬಳಸಿದ ದಿನವೇ ಅದಕ್ಕೆ ಅಗೌರವ ಆಯ್ತು, ಚಕ್ರದಲ್ಲಿ ಇಪ್ಪತ್ನಾಲ್ಕು ಗೆರೆ ಸರಿಯಾಗಿದ್ದರೂ.

ಕೊನೆಗೆ ನಮ್ಮ ಜೆರ್ಸಿ ಬಂತು. ಹಸಿರು ಬಣ್ಣ, ಹಿಂದೆ ನಂಬರ್, ಮುಂದೆ ಹಾಸ್ಟೆಲ್ ಹೆಸರು ಕನ್ನಡದಲ್ಲಿ. ಹದಿನಾಲ್ಕು ಮಾಡಿಸಿದ್ದೆವು. ಹದಿಮೂರು ಹಂಚಿಕೆಯಾಯಿತು. ಹದಿನಾಲ್ಕನೆಯದನ್ನು ತಗೊಂಡು ಎರಡು ವಾರ ತಡವಾಗಿ ಅವನ ರೂಮಿಗೆ ಹೋದೆ. "ಆ ಇಮೋಜಿ ಹಾಕಬಾರದಿತ್ತು ಕಣೋ, ತಪ್ಪಾಯ್ತು" ಅಂದೆ. ಅವನು ಜೆರ್ಸಿ ಬಿಚ್ಚಿ ನೋಡಿದ, ಮತ್ತೆ ಮಡಚಿದ, ಅಂಚಿಗೆ ಅಂಚು ಸೇರಿಸಿ. "ನೋಡೋಣ ಬಿಡು" ಅಂದ. ಇನ್ನೂ ಪ್ರಾಕ್ಟೀಸಿಗೆ ಬಂದಿಲ್ಲ. ಎರಡನೇ ನಂಬರ್ ಅವನದೇ, ಬೇರೆ ಯಾರಿಗೂ ಕೊಟ್ಟಿಲ್ಲ.