ಕಣ್ಣಿನ ಚಲನೆ, ಮನದ ಗಾಯ

ಮನೆಯಲ್ಲಿ ಯಾರಿಗಾದರೂ ದೊಡ್ಡ ಆಘಾತವೊದಗಿದಾಗ ಹಿರಿಯರು ಆಡುವ ಮಾತು ಒಂದೇ: 'ಆದದ್ದು ಆಯಿತು, ಮರೆತುಬಿಡು.' ಹೇಳುವವರ ಅಂತಃಕರಣದ ಬಗೆಗೆ ನಮಗೆ ಸಂದೇಹವಿಲ್ಲ. ಆದರೆ ಕೇಳುವವರ ಪಾಡು ಬೇರೆಯದು. ಅಪಘಾತದಲ್ಲಿ ಬದುಕುಳಿದವರಿಗೆ, ನೆರೆಹಾವಳಿಯಲ್ಲಿ ಕಣ್ಣೆದುರೇ ತಮ್ಮವರನ್ನು ಕಳೆದುಕೊಂಡವರಿಗೆ, ಎಳವೆಯಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾಗದ ದೌರ್ಜನ್ಯಕ್ಕೆ ಗುರಿಯಾದವರಿಗೆ, ಮರೆಯಲು ಹೊರಟಷ್ಟೂ ಆ ದೃಶ್ಯ ಮರಳಿ ಮರಳಿ ಎದುರು ನಿಲ್ಲುತ್ತದೆ. ಹತ್ತು ವರ್ಷಗಳ ಹಿಂದಿನ ಘಟನೆ ಈ ಗಳಿಗೆಯಲ್ಲಿ ನಡೆಯುತ್ತಿರುವಂತೆಯೇ ಮೈಮೇಲೆ ಎರಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾರಿಹೋಗುತ್ತದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಲ್ಲಿ ಈ ಸಂಕಟವನ್ನು ಹೇರಳವಾಗಿ ಕಂಡ ಮೇಲೆ ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ಇದನ್ನು ಪ್ರತ್ಯೇಕವಾದೊಂದು ಬೇನೆಯೆಂದು ತನ್ನ ಪಟ್ಟಿಯಲ್ಲಿ ಸೇರಿಸಿತು.

ಈ ಬೇನೆಗೆ ಇರುವ ಚಿಕಿತ್ಸೆಗಳಲ್ಲಿ ಒಂದರ ಹೆಸರು ಇ.ಎಂ.ಡಿ.ಆರ್. ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತ ನೋವಿನ ನೆನಪನ್ನು ಪಳಗಿಸುವ ಕ್ರಮವಿದು. ಕೇಳಿದೊಡನೆ ಮಂತ್ರ ಹಾಕುವವರ ನೆನಪಾಗುವುದು ಸಹಜವೇ. ಇದನ್ನು ರೂಪಿಸಿದ ಫ್ರಾನ್ಸಿನ್ ಶಪಿರೊ ಮೊದಲು ಇಂಗ್ಲಿಷ್ ಸಾಹಿತ್ಯವನ್ನು ಓದಿದವರು. ಕ್ಯಾನ್ಸರಿಗೆ ತುತ್ತಾಗಿ ಚೇತರಿಸಿಕೊಂಡ ಬಳಿಕ ಮನಶ್ಶಾಸ್ತ್ರದತ್ತ ಹೊರಳಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ನಡೆದಾಡುತ್ತಿದ್ದಾಗ, ತಮ್ಮನ್ನು ಕಾಡುತ್ತಿದ್ದ ಯೋಚನೆಗಳ ಮೊನೆ ಇದ್ದಕ್ಕಿದ್ದಂತೆ ಮೊಂಡಾದುದನ್ನೂ, ಆ ಹೊತ್ತಿನಲ್ಲಿ ಕಣ್ಣುಗಳು ತಾವಾಗಿಯೇ ವೇಗವಾಗಿ ಅತ್ತಿತ್ತ ಚಲಿಸುತ್ತಿದ್ದುದನ್ನೂ ಅವರು ಗಮನಿಸಿದರಂತೆ. ನ್ಯೂಟನ್ನನ ಸೇಬಿನಂತೆ ಇದೂ ಸೊಗಸಾದ ಕಥೆ. ಚಿಕಿತ್ಸೆ ಮಾತ್ರ ಕಥೆಯ ಮೇಲೆ ನಿಲ್ಲಲಿಲ್ಲ. 22 ಜನರ ಮೇಲೆ ನಡೆಸಿದ ಅಧ್ಯಯನವನ್ನು ಅವರು 1989ರಲ್ಲಿ ಪ್ರಕಟಿಸಿದರು. ಆ ಬಳಿಕ ಬೇರೆ ಬೇರೆ ದೇಶಗಳಲ್ಲಿ ಅನೇಕ ಪರೀಕ್ಷೆಗಳಾದವು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬೇನೆಯುಳ್ಳ ವಯಸ್ಕರಿಗೂ ಮಕ್ಕಳಿಗೂ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ಶಪಿರೊ 2019ರಲ್ಲಿ ತೀರಿಕೊಂಡರು.

ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದೇನು? ಕಣ್ಣು ಆಡಿಸುವ ಕೆಲಸ ಮೊದಲ ದಿನವೇ ಆರಂಭವಾಗುವುದಿಲ್ಲ. ಎಂಟು ಹಂತಗಳ ಈ ಕ್ರಮದಲ್ಲಿ ಮೊದಲಿಗೆ ಬದುಕಿನ ಹಿನ್ನೆಲೆಯನ್ನು ಕೇಳಿ ತಿಳಿಯುತ್ತಾರೆ. ಮನಸ್ಸು ಕದಡಿದರೆ ಅದನ್ನು ತಿಳಿಗೊಳಿಸಿಕೊಳ್ಳುವ ಉಪಾಯವನ್ನು ಕಲಿಸುತ್ತಾರೆ. ಬಸ್ಸು ಉರುಳಿಬಿದ್ದು ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಎಲ್ಲಕ್ಕಿಂತ ಹೆಚ್ಚು ಕಾಡುವ ಚಿತ್ರ ಯಾವುದೆಂದು ಆಕೆಯನ್ನು ಕೇಳುತ್ತಾರೆ. ಆ ಚಿತ್ರದೊಡನೆ ಹೆಣೆದುಕೊಂಡ ನಂಬಿಕೆ ಯಾವುದೆಂದು ಕೇಳುತ್ತಾರೆ. 'ನಾನೇ ಆ ಬಸ್ಸಿಗೆ ಹತ್ತಿಸಿದೆ, ತಪ್ಪು ನನ್ನದೇ' ಎಂದು ಆಕೆ ಹೇಳಬಹುದು. ಸಂಕಟ ಸೊನ್ನೆಯಿಂದ 10ರ ಅಳತೆಯಲ್ಲಿ ಎಷ್ಟು, ದೇಹದ ಯಾವ ಭಾಗದಲ್ಲಿ ಅದು ಕುಳಿತಿದೆ ಎಂಬುದನ್ನೂ ಗುರುತಿಸಿಕೊಳ್ಳುತ್ತಾರೆ. ಬಳಿಕ ಚಿಕಿತ್ಸಕರು ಎರಡು ಬೆರಳುಗಳನ್ನು ಆಕೆಯ ಮುಖದ ಮುಂದೆ ಎಡಕ್ಕೂ ಬಲಕ್ಕೂ ಚಲಿಸುತ್ತಾರೆ. ತಲೆಯನ್ನು ತಿರುಗಿಸದೆ ಕಣ್ಣಿನಿಂದಲೇ ಅವನ್ನು ಹಿಂಬಾಲಿಸುತ್ತ, ಆಕೆ ಆ ಚಿತ್ರವನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಸುಮಾರು ಅರ್ಧ ನಿಮಿಷವಾದ ಮೇಲೆ ಬೆರಳು ನಿಲ್ಲುತ್ತದೆ. 'ಈಗ ಏನು ತೋರುತ್ತಿದೆ?' ಎಂಬ ಪ್ರಶ್ನೆ ಬರುತ್ತದೆ. ತೋರಿದ್ದನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು; ಮತ್ತೆ ಬೆರಳು ಚಲಿಸುತ್ತದೆ. ಹೀಗೆ ಒಂದು ಗಂಟೆ, ಒಂದೂವರೆ ಗಂಟೆ. ಸಂಮೋಹನದಲ್ಲಿರುವಂಥ ಅರೆಮಂಪರು ಇಲ್ಲಿಲ್ಲ. ಆಕೆ ಪೂರ್ತಿ ಎಚ್ಚರದಲ್ಲಿರುತ್ತಾಳೆ. ಸಾಕೆನಿಸಿದರೆ ಕೈಯೆತ್ತಿ ನಿಲ್ಲಿಸಬಹುದು.

ಚಿಕಿತ್ಸೆ ಫಲಿಸಿದಾಗಲೂ ಆ ತಾಯಿ ಮಗಳನ್ನು ಮರೆಯುವುದಿಲ್ಲ, ಮರೆಯಬೇಕೆಂದು ಯಾರೂ ಬಯಸುವುದೂ ಇಲ್ಲ. ಅಪಘಾತದ ಚಿತ್ರ ಮಸುಕಾಗಿ ದೂರ ಸರಿಯುತ್ತದೆ. ಅದು ಮುಗಿದುಹೋದ ಸಂಗತಿಯೆಂಬುದು ಬುದ್ಧಿಗೆ ಮೊದಲೇ ತಿಳಿದಿತ್ತು. ಈಗ ದೇಹಕ್ಕೂ ತಿಳಿಯುತ್ತದೆ. 'ತಪ್ಪು ನನ್ನದೇ' ಎಂಬ ಮಾತಿನ ಜಾಗದಲ್ಲಿ 'ನನ್ನ ಕೈಲಾದದ್ದನ್ನು ನಾನು ಮಾಡಿದೆ' ಎಂಬುದು ನಿಲ್ಲಬಹುದು. ಮಗಳಿಗಾಗಿ ಅಳುವ ಅಳು ಉಳಿದೇ ಉಳಿಯುತ್ತದೆ, ಉಳಿಯತಕ್ಕದ್ದೇ.

ನಮ್ಮ ಕುಟುಂಬಗಳ ಮಟ್ಟಿಗೆ ಇದರಲ್ಲಿ ನಾವು ಬೆಲೆಯುಳ್ಳದ್ದೆಂದು ಭಾವಿಸುವ ಅಂಶ ಇನ್ನೊಂದಿದೆ. ನಡೆದುದನ್ನು ಆದ್ಯಂತವಾಗಿ ಬಿಡಿಸಿ ಹೇಳಬೇಕೆಂಬ ನಿರ್ಬಂಧ ಇಲ್ಲಿಲ್ಲ. ಸಂಬಂಧಿಕನೇ ಅತ್ಯಾಚಾರವೆಸಗಿದ ಹೆಣ್ಣುಮಗಳು ಆ ವಿವರಗಳನ್ನು ಬಾಯಿಬಿಟ್ಟು ಹೇಳಬೇಕಾಗುವ ಭಯಕ್ಕೇ ಎಷ್ಟೋ ವರ್ಷ ವೈದ್ಯರ ಬಾಗಿಲಿಗೆ ಹೋಗದೆ ಉಳಿಯುತ್ತಾಳೆ. ನೆನಪು ಆಕೆಯ ಮನಸ್ಸಿನಲ್ಲಿ ತೆರೆದುಕೊಂಡರೆ ಸಾಕು, ಮಾತಿಗೆ ಬರಲೇಬೇಕಾಗಿಲ್ಲ ಎಂಬುದು ಅಂಥವಳಿಗೆ ಸಣ್ಣ ಸಮಾಧಾನವೇನೂ ಅಲ್ಲ.

ಕಣ್ಣಿನ ಚಲನೆಗೂ ನೆನಪಿಗೂ ಏನು ನಂಟು? ಪಂಡಿತರಲ್ಲಿ ಇನ್ನೂ ಒಮ್ಮತವಿಲ್ಲ. ಚಲನೆ ಅನಗತ್ಯ, ನೆನಪನ್ನು ಧೈರ್ಯವಾಗಿ ಎದುರಿಸುವುದರಲ್ಲಿಯೇ ಗುಣವಿದೆ ಎಂಬ ತೀರ್ಮಾನಕ್ಕೆ 2001ರ ಒಂದು ಸಮೀಕ್ಷೆ ಬಂದಿತು; ಚಲನೆಯಿಂದಲೂ ಪ್ರಯೋಜನವುಂಟು ಎಂದು 2013ರ ಮತ್ತೊಂದು ಸಮೀಕ್ಷೆ ಹೇಳಿತು. ನಮಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆಯೆಂದರೆ, ಮನಸ್ಸಿನ ಅಂಗಳ ಕಿರಿದು. ಬೆರಳನ್ನು ಹಿಂಬಾಲಿಸುವ ಕೆಲಸವೂ ನೋವಿನ ಚಿತ್ರವೂ ಅಲ್ಲಿ ಒಟ್ಟಿಗೆ ನಿಂತಾಗ ಚಿತ್ರಕ್ಕೆ ಜಾಗ ಸಾಲದೆ ಅದರ ಬಣ್ಣ ಮಾಸುತ್ತದೆ, ಮಾಸಿದ ರೂಪದಲ್ಲಿಯೇ ಮರಳಿ ಉಗ್ರಾಣ ಸೇರುತ್ತದೆ. 2019ರಲ್ಲಿ ಕೊರಿಯಾದ ವಿಜ್ಞಾನಿಗಳು ಇಲಿಗಳ ಕಣ್ಣೆದುರು ಬೆಳಕನ್ನು ಅತ್ತಿತ್ತ ಚಲಿಸಿದಾಗ, ಕಲಿತ ಭಯ ತಗ್ಗಿತೆಂದೂ ಮಿದುಳಿನಲ್ಲಿ ಅದರ ಹಾದಿ ಇಂಥದೆಂದೂ ತೋರಿಸಿದರು. ಇಲಿಯ ಭಯವೂ ಮನುಷ್ಯನ ದುಃಖವೂ ಒಂದೇ ಎಂದು ನಾವೇನೂ ಹೇಳುತ್ತಿಲ್ಲ.

1997ರಲ್ಲಿ ಮೆಕ್ಸಿಕೋದ ಅಕಾಪುಲ್ಕೊ ನಗರಕ್ಕೆ ಚಂಡಮಾರುತ ಬಡಿದ ತರುವಾಯ, ಅಲ್ಲಿನ ಮಕ್ಕಳೊಡನೆ ಕೆಲಸ ಮಾಡಿದವರು 'ಚಿಟ್ಟೆಯ ಅಪ್ಪುಗೆ' ಎಂಬುದನ್ನು ಕಂಡುಕೊಂಡರು. ಮಕ್ಕಳು ಎದೆಯ ಮೇಲೆ ಕೈಗಳನ್ನು ಅಡ್ಡಹಾಯಿಸಿ ಎಡ ಬಲಗಳನ್ನು ಒಂದಾದ ಮೇಲೊಂದರಂತೆ ತಾವೇ ಮೆಲ್ಲನೆ ತಟ್ಟಿಕೊಳ್ಳುವ ಕ್ರಮವದು. ಕಣ್ಣಿನ ಚಲನೆಯ ಬದಲಿಗೆ ಈ ತಟ್ಟುವಿಕೆ. ನಮ್ಮ ದೇಶದಲ್ಲಿ 2001ರ ಗುಜರಾತ್ ಭೂಕಂಪದ ಸಂತ್ರಸ್ತರ ನಡುವೆಯೂ ಇ.ಎಂ.ಡಿ.ಆರ್. ತಜ್ಞರು ದುಡಿದರು.

ಇಷ್ಟು ಓದಿ, ಮನೆಯಲ್ಲಿಯೇ ಬೆರಳು ಆಡಿಸಿ ನೋಡೋಣವೆಂದು ಯಾರೂ ಹೊರಡಬಾರದು. ಮುಚ್ಚಿಟ್ಟ ನೆನಪು ತೆರೆದುಕೊಂಡಾಗ ಮೊದಲ ಕೆಲವು ದಿನ ಕನಸುಗಳು ಕೆರಳುವುದುಂಟು, ಅಳು ಉಕ್ಕುವುದುಂಟು. ಅದನ್ನು ನಿಭಾಯಿಸಬಲ್ಲ ತರಬೇತಿ ಪಡೆದವರು ಎದುರಿಗಿರಬೇಕು. ಚಿಕಿತ್ಸಕರ ಬಳಿ ಅವರ ವಿದ್ಯಾರ್ಹತೆಯನ್ನೂ, ಈ ವಿಧಾನದಲ್ಲಿ ಪಡೆದ ತರಬೇತಿಯನ್ನೂ ಸಂಕೋಚವಿಲ್ಲದೆ ಕೇಳಬೇಕು. ಎಲ್ಲರಿಗೂ ಇದೊಂದೇ ಮದ್ದೆಂದೂ ತಿಳಿಯಬಾರದು. ಚಿಕಿತ್ಸೆ ಪಡೆದು ಮನೆಗೆ ಬಂದವರನ್ನು 'ಅಲ್ಲಿ ಏನು ಕೇಳಿದರು, ನೀನೇನು ಹೇಳಿದೆ' ಎಂದು ಕೆದಕದೆ, ಒಂದು ಲೋಟ ಬಿಸಿ ಹಾಲು ಕೊಟ್ಟು ಸುಮ್ಮನೆ ಮಲಗಲು ಬಿಡುವುದು ಮನೆಯವರ ಪಾಲಿನ ಕೆಲಸ. ಯಾರನ್ನು ಕಾಣಬೇಕೆಂದು ತೋಚದವರು, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.