ಇಸಿಜಿಗಿಂತ ಮೊದಲು ಜೇಬು ನೋಡಿ



2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯನ್ನು ಹಿಡಿದ ಗಾಬರಿ ನಿಮಗೆ ನೆನಪಿರಬಹುದು. ದಿನ ಬೆಳಗಾದರೆ ಹೃದಯಾಘಾತದ ಸುದ್ದಿ. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕು ಸಾವುಗಳು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದವರಲ್ಲಿ ಹಲವರಿಗೆ ಧೂಮಪಾನ, ಮದ್ಯಪಾನ, ಸಕ್ಕರೆ ಕಾಯಿಲೆಯಂತಹ ಕಾರಣಗಳಿದ್ದವು.

ಆಗ ಹೊಳೆನರಸೀಪುರದ ಒಬ್ಬ ತಾಯಿ, "ಹಜರತ್, ಮಗನಿಗೆ ಇಸಿಜಿ ಮಾಡಿಸಲೇ?" ಎಂದು ಕೇಳಿದರು. ಹುಡುಗನಿಗೆ 14 ವರ್ಷ. "ಮೊದಲು ಅವನ ಜೇಬು ನೋಡಿ" ಎಂದೆ. ಎರಡು ಚೀಟಿ ಸಿಕ್ಕವು. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದ್ದರಿಂದ ಪಾನ್ ಮಸಾಲೆಯನ್ನು ಒಂದು ಚೀಟಿಯಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಮಾರುತ್ತಾರೆ. ಬೆರೆಸುವ ಕೆಲಸ ಮಕ್ಕಳದ್ದು! ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಖಾರ ತಿಂದಾಗ ಉರಿಯುತ್ತಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಅರಕಲಗೂಡಿನ ಓದುಗರಿಗೆ ಇನ್ನೊಂದು ಮಾತು. ರಾಮನಾಥಪುರದ ಸುತ್ತ ತಂಬಾಕು ಬೆಳೆಯುತ್ತಾರೆ. ಒದ್ದೆ ಎಲೆ ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ; ವಾಂತಿ, ತಲೆಸುತ್ತು ಬರುತ್ತದೆ. ರಜೆಯಲ್ಲಿ ಮಕ್ಕಳನ್ನು ಎಲೆ ಕೀಳಲು ಕಳಿಸಬೇಡಿ.

ಹೆಣ್ಣುಮಕ್ಕಳ ಕಷ್ಟ ಬೇರೆ, ರಕ್ತಹೀನತೆ. ಚನ್ನರಾಯಪಟ್ಟಣವಿರಲಿ, ಹಾಸನವಿರಲಿ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ಊಟದ ನಂತರ ನುಂಗಲಿ, ಅದರ ಜೊತೆಗೆ ಚಹಾ ಬೇಡ. ಇನ್ನು ನಡುರಾತ್ರಿಯವರೆಗೆ ಮೊಬೈಲ್ ಹಿಡಿದವರು ಫಜ್ರ್‌ಗೂ ಏಳುವುದಿಲ್ಲ, ತಿಂಡಿಯನ್ನೂ ತಿನ್ನುವುದಿಲ್ಲ. ಇಶಾ ನಂತರ ಮೊಬೈಲ್ ತಾಯಿಯ ಬಳಿ ಇರಲಿ.

ಆ ತಾಯಿ ಮತ್ತೆ ಬಂದಿದ್ದರು. ಗದರಿಸಿದ್ದಕ್ಕೆ ಮಗ, "ಅಬ್ಬಾನೂ ಹಾಕ್ತಾರಲ್ಲಮ್ಮಿ" ಎಂದನಂತೆ. ಮುಂದಿನ ಜುಮಾ ದಿನ ಅಬ್ಬಾನನ್ನೇ ಕರೆತರಲು ಹೇಳಿದ್ದೇನೆ.